ಹಿಂದಕ್ಕೆ ಓಡಿದ ಕೂದಲೆಳೆ

“ಒಂದು, ಎರಡು, ಮೂರು. ಮತ್ತೆ ಒಂದು, ಎರಡು, ಮೂರು. ನೀವೇ ನೋಡಿ ಸಾರ್!”

ಚುಕ್ಕಿಯ ಬೆರಳು ಕಾಗದವನ್ನು ಕುಟ್ಟುತ್ತ ಹೋಯಿತು. ಇನ್ಸ್‌ಪೆಕ್ಟರು ಪೆಪ್ಪರ್‌ಮೆಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, ಕನ್ನಡಕ ಏರಿಸಿಕೊಂಡು ಬಗ್ಗಿದರು. ನೋಡಿದರು ಅನ್ನುವುದಕ್ಕಿಂತ ನೋಡಿದ ಹಾಗೆ ಮಾಡಿದರು ಅನ್ನಬೇಕು.

ಅದು ಅಕ್ಕ ಬರೆದಿಟ್ಟು ಹೋದಳೆಂದು ಎಲ್ಲರೂ ನಂಬಿದ್ದ ಬರಹದ ನಕಲು. ಮೂಲ ಕಾಗದ ನಿನ್ನೆ ಬೆಳಿಗ್ಗೆ ಇದೇ ಕೋಣೆಯಲ್ಲಿ, ಅಕ್ಕ ತನ್ನ ಬ್ರಷ್ಷುಗಳನ್ನು ತೊಳೆದು ನೇತುಹಾಕುವ ಗೋಡೆಯ ಮೇಲೆ ಸಿಕ್ಕಿತ್ತು. ಈಗ ಅದು ಪೊಲೀಸರ ಪ್ರಯೋಗಾಲಯದಲ್ಲಿದೆ. ದಪ್ಪ ಬ್ರಷ್ಷು, ಕಪ್ಪು ಮಸಿ, ಇಷ್ಟೇ ಮಾತು:

‘ಅಮ್ಮಾ, ಚುಕ್ಕೀ, ನನ್ನನ್ನು ಹುಡುಕಬೇಡಿ. ನದಿಯ ಕಡೆ ಹೊರಟೆ. ನನ್ನ ಸಾವಿಗೆ ಯಾರೂ ಕಾರಣರಲ್ಲ.’

ಅದನ್ನು ಓದಿದವರೆಲ್ಲ ನದಿಯ ಕಡೆ ಓಡಿದ್ದರು. ದೋಣಿಗಳು ಇನ್ನೂ ಅಲ್ಲೇ ಸುತ್ತುತ್ತಿದ್ದವು.

“ಏನಮ್ಮ ನೋಡ್ಬೇಕು ನಾನು?”

“‘ನ’ ನೋಡಿ ಸಾರ್. ಒಟ್ಟು ಆರು ಇವೆ. ಮೊದಲನೇದಕ್ಕೆ ದಪ್ಪ ಹೊಟ್ಟೆ. ಎರಡನೇದಕ್ಕೆ ಉದ್ದ ಬಾಲ. ಮೂರನೇದು ಮುಗ್ಗರಿಸಿದ ಹಾಗಿದೆ. ನಾಲ್ಕನೇದಕ್ಕೆ ಬನ್ನಿ, ಮತ್ತೆ ಅದೇ ದಪ್ಪ ಹೊಟ್ಟೆ! ಐದಕ್ಕೆ ಅದೇ ಬಾಲ, ಆರು ಅದೇ ಮುಗ್ಗರಿಸೋದು. ಯಾರ ಕೈ ಸಾರ್ ಹೀಗೆ ಸರದಿ ಪ್ರಕಾರ ಬರೆಯುತ್ತೆ?”

ಇನ್ಸ್‌ಪೆಕ್ಟರಿಗೆ ಅರ್ಥವಾಗಲಿಲ್ಲ. ಪಾಪ, ಅವರ ತಪ್ಪಲ್ಲ. ಅಕ್ಷರವೆಂದರೆ ಓದುವುದಕ್ಕೆ ಎಂದುಕೊಂಡವರೇ ಲೋಕದ ತುಂಬ ಇದ್ದಾರೆ. ನೋಡುವುದಕ್ಕೆ ಎಂದುಕೊಂಡವರು ಈ ಅಕ್ಕ ತಂಗಿಯರಂಥ ನಾಲ್ಕು ಜನ ಹುಚ್ಚರು.

ಅಕ್ಕ ಬ್ರಷ್ಷು ಹಿಡಿದು ಹಾಳೆಗಟ್ಟಲೆ ಅಕ್ಷರ ಬರೆಯುವವಳು. ತಂಗಿ ಅವನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಪ್ರತಿ ಅಕ್ಷರದ ಅಂಚಿಗೂ ಚುಕ್ಕಿ ಚುಕ್ಕಿ ಇಟ್ಟು, ಕಂಪ್ಯೂಟರಿನಲ್ಲಿ ಟೈಪ್ ಮಾಡುವಂಥ ಫಾಂಟ್ ಮಾಡುವವಳು. ಅದಕ್ಕೇ ಅವಳಿಗೆ ಚುಕ್ಕಿ ಎಂಬ ಹೆಸರು ಅಂಟಿದ್ದು. ಇಬ್ಬರೂ ಸೇರಿ ಮಾಡಿದ ಫಾಂಟಿನ ಹೆಸರು ‘ಗಾಳಿ’. ಟೈಪ್ ಮಾಡಿದರೂ ಕೈಯಲ್ಲಿ ಬರೆದಂತೆ ಕಾಣಲಿ ಎಂದು ಒಂದೊಂದು ಅಕ್ಷರಕ್ಕೂ ಮೂರು ಮೂರು ರೂಪ ಕೊಟ್ಟಿದ್ದರು. ಒಂದಾದ ಮೇಲೊಂದು, ಸರದಿಯಲ್ಲಿ ಬರುವ ಹಾಗೆ.

“ಇದು ಅಕ್ಕ ಕೈಯಾರೆ ಬರೆದಿದ್ದಲ್ಲ ಸಾರ್. ‘ಗಾಳಿ’ಯಲ್ಲಿ ಟೈಪ್ ಮಾಡಿರೋದು.”

“ಅಲ್ಲಮ್ಮ, ಪ್ರಯೋಗಾಲಯದವರು ಹೇಳಿದಾರೆ. ನಿಜವಾದ ಮಸಿ, ನಿಜವಾದ ಬ್ರಷ್ಷು.”

“ಹೌದು. ಟೈಪ್ ಮಾಡಿ, ಪ್ರಿಂಟ್ ತೆಗೆದು, ಅದರ ಮೇಲೆ ಕಾಗದ ಇಟ್ಟು, ಕೆಳಗಿಂದ ಬೆಳಕು ಬಿಟ್ಟು ಯಾರೋ ತಿದ್ದಿದಾರೆ. ಅಕ್ಕನ್ನ ಎಲ್ಲೋ ಇಟ್ಕೊಂಡಿದಾರೆ ಸಾರ್. ನದೀಲಿ ಹುಡುಕ್ತಾ ಇದ್ರೆ ಏನು ಬಂತು?”

ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟರು. “ನಿಮ್ಮಕ್ಕನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಇಲ್ಲದೆ ನಡೆಯಲ್ಲ. ಅದನ್ನ ಫ್ರಿಜ್ಜಲ್ಲೇ ಬಿಟ್ಟು ಹೋಗಿದಾರೆ. ಬದುಕೋ ಮನಸ್ಸಿರೋರು ಬಿಟ್ಟು ಹೋಗ್ತಾರಾ?”

“ಎಳ್ಕೊಂಡು ಹೋಗೋರು ತಗೊಳ್ಳೋಕೆ ಬಿಡ್ತಾರಾ?”

ಅವರ ದವಡೆ ಒಂದು ಕ್ಷಣ ನಿಂತಿತು. ಚುಕ್ಕಿಗೆ ಅಳು ಒತ್ತರಿಸಿ ಬಂತು. ಅಕ್ಕ ಬದುಕಿದ್ದರೂ ಔಷಧಿಯಿಲ್ಲದೆ ಎಷ್ಟು ಹೊತ್ತು ಬದುಕಿರುತ್ತಾಳೆ ಎಂಬ ಪ್ರಶ್ನೆ ನಿನ್ನೆಯಿಂದ ಅವಳ ಕುತ್ತಿಗೆ ಹಿಡಿದು ಕೂತಿತ್ತು.

“ಕತ್ತಲಾದ್ರೆ ದೋಣಿ ಮೇಲೆ ತರ್ತೀವಿ,” ಎಂದರು ಇನ್ಸ್‌ಪೆಕ್ಟರು, ಈಗ ಮೆತ್ತಗೆ. “ಆಮೇಲೆ ಫೈಲು ಮುಚ್ಚು ಅಂತಾರೆ ಮೇಲಿನವರು. ಹೇಳು, ಈ ಫಾಂಟು ಯಾರ್ಯಾರ ಹತ್ರ ಇದೆ?”

“ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ. ಪರೀಕ್ಷೆಗೆ ಅಂತ ಮೂರೇ ಕಾಪಿ ಹೊರಗೆ ಕೊಟ್ಟಿದ್ದು. ಒಂದು ಜಾಹೀರಾತು ಕಂಪನಿಯ ಮಾಲೀಕನಿಗೆ, ನಾವು ಕೋಟು ಅಂತ ಕರೀತೀವಲ್ಲ, ಅವನಿಗೆ. ಒಂದು ಬೋರ್ಡು ಬರೆಯೋ ಅಂಗಡಿಗೆ. ಇನ್ನೊಂದು ಭಾವನಿಗೆ, ಅವರ ಫರ್ನಿಚರ್ ಅಂಗಡಿ ಬೋರ್ಡಿಗೆ. ಅದು ಬಿಡಿ, ಮನೆಯದು, ಲೆಕ್ಕಕ್ಕಿಲ್ಲ.”

“ಮೂರರಲ್ಲಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ?”

“ಕೂದಲಿಂದ.”

ಇನ್ಸ್‌ಪೆಕ್ಟರು ತಲೆ ಸವರಿಕೊಂಡರು. ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಅದು ಅಕ್ಕನ ಉಪಾಯ. ಬ್ರಷ್ಷಿನಿಂದ ಒಂಟಿ ಕೂದಲು ಹೊರಚಾಚಿಕೊಂಡಿದ್ದರೆ ಅಕ್ಷರದ ಪಕ್ಕದಲ್ಲಿ ಸಣ್ಣದೊಂದು ಗೆರೆ ಬೀಳುತ್ತದೆ. ಅಂಥ ಗೆರೆಗಳನ್ನೆಲ್ಲ ಅಳಿಸುವುದೇ ಚುಕ್ಕಿಯ ಕೆಲಸ. ಆದರೆ ಹೊರಗೆ ಕೊಟ್ಟ ಒಂದೊಂದು ಕಾಪಿಯಲ್ಲೂ ಒಂದೊಂದು ಅಕ್ಷರಕ್ಕೆ ಬೇಕೆಂದೇ ಒಂದು ಕೂದಲೆಳೆ ಸೇರಿಸಿದ್ದರು. ಯಾರಾದರೂ ಕದ್ದು ಹಂಚಿದರೆ ಯಾರ ಕಾಪಿ ಎಂದು ತಿಳಿಯಲಿ ಎಂದು. ಕೋಟುವಿನದರಲ್ಲಿ ‘ಲ’ಗೆ. ಬೋರ್ಡಿನ ಅಂಗಡಿಯದರಲ್ಲಿ ‘ಕ’ಗೆ. ಭಾವನದರಲ್ಲಿ ‘ಣ’ಗೆ. ಅದರಲ್ಲಿ ಒಂದನ್ನು ಚುಕ್ಕಿ ಅವಸರದಲ್ಲಿ ಉಲ್ಟಾ ಎಳೆದು, ಅಕ್ಕನಿಂದ ಹೊಟ್ಟೆ ತುಂಬ ಗೇಲಿ ಮಾಡಿಸಿಕೊಂಡಿದ್ದಳು.

“ಈ ನಕಲಿನಲ್ಲಿ ಕಾಣಲ್ಲ ಸಾರ್. ಜೆರಾಕ್ಸು ನುಂಗಿಬಿಟ್ಟಿದೆ. ಮೂಲದ ದೊಡ್ಡ ಫೋಟೋ ಬೇಕು.”

“ಪ್ರಯೋಗಾಲಯಕ್ಕೆ ಹೇಳ್ತೀನಿ, ನಿನ್ನ ಫೋನಿಗೇ ಕಳಿಸ್ತಾರೆ.” ಅವರು ಟೋಪಿ ಎತ್ತಿಕೊಂಡರು. “ನಾನು ನದಿ ಹತ್ರ ಇರ್ತೀನಿ. ಯಾರ ಮನೆಗೂ ನುಗ್ಗಿ ಹುಚ್ಚಾಟ ಮಾಡ್ಬೇಡ.”

ಹುಚ್ಚಾಟ ಮಾಡಬೇಡ ಎಂದವರು ಮೆಟ್ಟಿಲಿಳಿದು ಹೋಗುವುದಕ್ಕೂ ಚುಕ್ಕಿ ಚಪ್ಪಲಿ ಮೆಟ್ಟುವುದಕ್ಕೂ ಸರಿಹೋಯಿತು.

ಕೆಳಗೆ ಭಾವ ಕಾರಿನಲ್ಲಿ ಕಾಯುತ್ತಿದ್ದರು. ಹೆಂಡತಿ ಕಾಣೆಯಾದಾಗಿನಿಂದ ಆ ಮನುಷ್ಯ ಗಡ್ಡ ಕೆರೆದಿರಲಿಲ್ಲ. ಅಮ್ಮನಿಗೆ ಅನ್ನ ಕಲಸಿ ಕೊಡುವುದು, ಪೊಲೀಸರ ಹಿಂದೆ ಅಲೆಯುವುದು, ಚುಕ್ಕಿಯನ್ನು ಹೇಳಿದಲ್ಲಿಗೆ ಕರೆದೊಯ್ಯುವುದು, ಎಲ್ಲ ಅವರದೇ.

“ಕೋಟು ಹತ್ರ ಹೋಗ್ಬೇಕು ಭಾವ.”

“ನಂಗೂ ಮೊದಲಿಂದ ಅವನ ಮೇಲೇ ಕಣಮ್ಮ ಅನುಮಾನ. ಹತ್ತು.”

ಕೂರುವಾಗ ಕಾಲಿಗೆ ಏನೋ ತಗುಲಿತು. ನೀಲಿ ಬಣ್ಣದ ಪುಟ್ಟ ಚೀಲ, ಮಂಜುಗಡ್ಡೆ ಹಾಕಿ ಒಯ್ಯುತ್ತಾರಲ್ಲ, ಅಂಥದ್ದು. ಭಾವ ಬಗ್ಗಿ ಅದನ್ನೆತ್ತಿ ಹಿಂದಿನ ಸೀಟಿನ ಮೇಲಿಟ್ಟರು.

“ತಣ್ಣೀರು ಇಟ್ಟಿದೀನಿ. ನದಿ ಹತ್ರ ನಿಂತೂ ನಿಂತೂ ಗಂಟಲು ಒಣಗುತ್ತೆ.”

ಅರ್ಧ ದಾರಿಯಲ್ಲಿ ಚುಕ್ಕಿಗೇ ಗಂಟಲು ಒಣಗಿತು. ನೀರು ಕೇಳಿದಳು. ಭಾವ ಒಂದು ಅಂಗಡಿ ಮುಂದೆ ಕಾರು ನಿಲ್ಲಿಸಿ, ಇಳಿದು ಹೋಗಿ ಬಾಟಲಿ ಕೊಂಡು ತಂದು, ಮುಚ್ಚಳ ತಿರುಗಿಸಿ ಕೈಗೆ ಕೊಟ್ಟರು. ಇಂಥ ಭಾವ ಯಾರಿಗೆ ಸಿಗುತ್ತಾರೆ ಎಂದುಕೊಳ್ಳುತ್ತ ಕುಡಿದಳು.

ಜಾಹೀರಾತು ಕಂಪನಿಯ ಕಟ್ಟಡದ ಮುಂದೆ ಇಳಿಸುವಾಗ ಅವರೆಂದರು, “ನನ್ನ ಗೋದಾಮು ಇಲ್ಲೇ ಹಿಂದಿನ ಬೀದೀಲಿ. ಬಾಗಿಲು ಹಾಕಿದೆಯಾ ಅಂತ ಕಣ್ಣಾಡಿಸಿ ಬಂದುಬಿಡ್ತೀನಿ. ನೀನು ಆ ಕೋಟಿನವನ ಬೆವರಿಳಿಸು.”

ಕೋಟು ಎಂದರೆ ಆ ಕಂಪನಿಯ ಮಾಲೀಕ. ಬೆಂಕಿಯಂಥ ಬಿಸಿಲಿನಲ್ಲೂ ಕೋಟು ಬಿಚ್ಚದ ಆಸಾಮಿ. ಹೆಸರಿಟ್ಟವಳು ಅಕ್ಕ. ‘ಗಾಳಿ’ ತನ್ನೊಬ್ಬನಿಗೇ ಬೇಕು, ಬೇರೆ ಯಾರೂ ಬಳಸಬಾರದು, ಪೂರ್ತಿ ಹಕ್ಕು ಬರೆದುಕೊಡಿ ಎಂದು ತಿಂಗಳುಗಟ್ಟಲೆ ಬೆನ್ನು ಬಿದ್ದಿದ್ದ. ಅಕ್ಕ ಸುತರಾಂ ಒಪ್ಪಿರಲಿಲ್ಲ. ಅಕ್ಷರ ಎಲ್ಲರಿಗೂ ಇರಲಿ ಎಂಬುದು ಅವಳ ಹಟ.

ಚುಕ್ಕಿ ಬಾಗಿಲು ತಟ್ಟಲಿಲ್ಲ. “ಅಕ್ಕ ಎಲ್ಲಿ?”

ಕೋಟು ತಲೆಯೆತ್ತಿದ. “ಏನಂದ್ರಿ?”

“ಕಿವಿ ಕೇಳಿಸುತ್ತೆ ತಾನೆ? ನನ್ನ ಅಕ್ಕ ಎಲ್ಲಿ? ‘ನೀವು ಕೊಟ್ರೂ ಕೊಡದಿದ್ರೂ ಆ ಅಕ್ಷರ ನನ್ನದು ಮಾಡ್ಕೋತೀನಿ’ ಅಂದವರು ನೀವು. ನನ್ನ ಮುಂದೇನೇ ಅಂದ್ರಿ!”

“ವ್ಯಾಪಾರದಲ್ಲಿ ನೂರು ಮಾತಾಡ್ತೀವಿ. ಅದಕ್ಕೆ ಹೆಂಗಸರನ್ನ ಎತ್ತಾಕ್ಕೊಂಡು ಹೋಗ್ತೀವಾ? ತಲೆ ಕೆಟ್ಟಿದೆಯಾ ನಿಮಗೆ?”

“ಕೆಟ್ಟಿದೆ. ಪೂರ್ತಿ ಕೆಟ್ಟಿದೆ. ಅವಳಿಗೆ ಇನ್ಸುಲಿನ್ ಬೇಕು, ಕೊಟ್ಟಿದೀರಾ? ಅದನ್ನಾದ್ರೂ ಕೊಡಿ. ಫಾಂಟು ಹಾಳಾಗಿ ಹೋಗ್ಲಿ, ತಗೊಂಡು ಸಾಯಿರಿ. ಅವಳನ್ನ ಬಿಟ್ಟುಬಿಡಿ.”

ಕೊನೆಗೆ ಬರುವಷ್ಟರಲ್ಲಿ ಅವಳ ಬೈಗುಳ ಬೇಡಿಕೆಯಾಗಿಬಿಟ್ಟಿತ್ತು. ಕೋಟುವಿನ ಮುಖ ಕೆಂಪಗಿದ್ದದ್ದು ಬಿಳಿಚಿಕೊಂಡಿತು. ಅವನು ಎದ್ದು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

ಅಷ್ಟರಲ್ಲಿ ಅವಳ ಫೋನು ಗುಂಯ್‌ಗುಟ್ಟಿತು. ಪ್ರಯೋಗಾಲಯದ ಫೋಟೋ.

“ನಿಮ್ಮ ದೊಡ್ಡ ಪರದೆ ಕೊಡಿ,” ಎಂದಳು. “‘ಲ’ ಒಂದು ನೋಡಿಬಿಡ್ತೀನಿ. ಆಮೇಲೆ ಪೊಲೀಸರೇ ಮಾತಾಡ್ತಾರೆ.”

ಗೋಡೆಯಗಲದ ಪರದೆಯ ಮೇಲೆ ಅಕ್ಕನ ಬರಹ ಮನುಷ್ಯರಷ್ಟೆತ್ತರ ಎದ್ದು ನಿಂತಿತು. ಮಸಿ ಕಾಗದದ ನಾರಿನೊಳಗೆ ಇಳಿದದ್ದೂ ಕಾಣುತ್ತಿತ್ತು. ಚುಕ್ಕಿ ಕೊನೆಯ ಪದಕ್ಕೆ ಹೋದಳು. ‘ಕಾರಣರಲ್ಲ.’ ಅಲ್ಲಿದ್ದ ‘ಲ’ ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು.

ಸ್ವಚ್ಛ. ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ. ಒಂದು ಕೂದಲೂ ಇಲ್ಲ.

“ಮುಗೀತಾ?” ಎಂದ ಕೋಟು. “ಏನೋ ಹುಡುಕ್ತಿದ್ರಿ. ಸಿಕ್ತಾ?”

ಅವಳು ಎಲ್ಲ ಭಾರವನ್ನೂ ಆ ಒಂದು ಅಕ್ಷರದ ಮೇಲೆ ಹಾಕಿ ಬಂದಿದ್ದಳು. ‘ಹುಡುಕಬೇಡಿ’ಯ ‘ಕ’ ನೋಡಿದಳು. ಅದೂ ಸ್ವಚ್ಛ. ಬೋರ್ಡಿನ ಅಂಗಡಿಯವನೂ ಅಲ್ಲ. ಹಾಗಾದರೆ ತಾನು ಕಂಡದ್ದೆಲ್ಲ ಭ್ರಮೆಯೇ? ಅಕ್ಕ ನಿಜಕ್ಕೂ ನೀರಿನಲ್ಲಿದ್ದಾಳೆಯೇ? ಬೇಡ, ದೇವರೇ, ಅದೊಂದು ಬೇಡ.

ಪರದೆಯನ್ನು ವಾಪಸು ಸರಿಸಿದಳು. ‘ಲ’ ಹಿಂದೆ ‘ರ’. ಅದರ ಹಿಂದೆ ‘ಣ’.

‘ಣ’ದ ಬೆನ್ನಿಗೆ ಅಂಟಿಕೊಂಡು ಸಣ್ಣದೊಂದು ಗೆರೆ ಇತ್ತು.

ಲೆಕ್ಕಕ್ಕಿಲ್ಲ ಎಂದಿದ್ದಳಲ್ಲ, ಆ ಕಾಪಿ.

“ಇಲ್ಲ, ಇರಲಿಕ್ಕಿಲ್ಲ,” ಎಂದು ತನ್ನಷ್ಟಕ್ಕೇ ಗೊಣಗಿದಳು. ಇನ್ನೂ ಹಿಗ್ಗಿಸಿದಳು. ಬ್ರಷ್ಷು ಎಡದಿಂದ ಬಲಕ್ಕೆ ಓಡಿದೆ. ಕೂದಲು ಗೀಚಿದ್ದರೆ ಅದರ ಗೆರೆಯೂ ಬಲಕ್ಕೆ ಹೋಗುತ್ತ ಸಣ್ಣಗಾಗಬೇಕು. ಇದು ಬಲದಲ್ಲಿ ದಪ್ಪಗಿದ್ದು ಎಡಕ್ಕೆ ಬರುತ್ತ ಸಣ್ಣಗಾಗಿತ್ತು. ಅಕ್ಕ ಬಿದ್ದು ಬಿದ್ದು ನಕ್ಕಿದ್ದು ಇದಕ್ಕೇ. ‘ಅಯ್ಯೋ ಪೆದ್ದೀ, ಬ್ರಷ್ಷು ಮುಂದಕ್ಕೆ ಹೋಗ್ತಿದೆ, ನಿನ್ನ ಕೂದಲು ಹಿಂದಕ್ಕೆ ಓಡ್ತಿದೆಯಲ್ಲೇ!’ ತಿದ್ದುತ್ತೇನೆಂದಾಗ ಅಕ್ಕ ಬೇಡವೆಂದಿದ್ದಳು. ‘ಇರಲಿ ಬಿಡು. ಈ ತಪ್ಪು ನಿನ್ನ ಬಿಟ್ಟು ಲೋಕದಲ್ಲಿ ಯಾರೂ ಮಾಡಲ್ಲ.’

‘ಭಾವನ ಕಾಪಿಗೂ ಕೂದಲು ಯಾಕೆ, ಮನೆಯವರಲ್ವಾ?’ ಎಂದು ಕೇಳಿದಾಗ ಮಾತ್ರ ಅಕ್ಕ ನಕ್ಕಿರಲಿಲ್ಲ. ಬ್ರಷ್ಷು ತೊಳೆಯಲು ಎದ್ದು ಹೋಗಿದ್ದಳು.

ಭಾವ ತಿದ್ದಿದ್ದೇ? ಚುಕ್ಕಿ ‘ಣ’ದ ಅಂಚಿನ ಗುಂಟ ಕಣ್ಣು ಹರಿಸಿದಳು. ತಿದ್ದುವವರ ಕೈ ನಡುಗುತ್ತದೆ, ಅಂಚು ತರಿತರಿಯಾಗುತ್ತದೆ. ಇಲ್ಲಿ ಒಂದು ಕಡೆಯೂ ನಡುಕವಿಲ್ಲ. ತಿರುವಿನಲ್ಲಿ ಒತ್ತಿ, ಏರುವಾಗ ಹಗುರಾಗಿ, ಕೊನೆಯಲ್ಲಿ ಚಕ್ಕನೆ ಎತ್ತಿದ ಬ್ರಷ್ಷು. ಹಾಗೆ ಎತ್ತುವ ಕೈ ಪ್ರಪಂಚದಲ್ಲಿ ಒಬ್ಬಳದೇ.

“ತಿದ್ದಿಲ್ಲ,” ಎಂದಳು ಗಟ್ಟಿಯಾಗಿ. “ಅಕ್ಕನೇ ಬರೆದಿದಾಳೆ. ನೋಡದೆ, ನೆನಪಿಂದ. ಫಾಂಟಿನ ಸರದೀನೂ ನೆನಪಿಂದ, ನನ್ನ ತಪ್ಪು ಕೂದಲೂ ನೆನಪಿಂದ.”

“ಯಾಕೆ?” ಕೋಟುವಿನ ದನಿಯಲ್ಲೀಗ ಗತ್ತು ಇರಲಿಲ್ಲ.

“ಯಾರೋ ಪಕ್ಕದಲ್ಲಿ ನಿಂತು ಬರೆಸಿದಾರೆ. ಓದಿದ್ರೆ ಅವರಿಗೆ ಬೇಕಾದ ಮಾತೇ ಇರುತ್ತೆ. ನೋಡಿದ್ರೆ ಯಾರು ಅಂತ ಇರುತ್ತೆ. ನೋಡೋಕೆ ಬರೋದು ನನಗೊಬ್ಬಳಿಗೇ ಅಂತ ಅವಳಿಗೆ ಗೊತ್ತು.”

ನಗುವೋ ಅಳುವೋ ತಿಳಿಯದ ಸದ್ದೊಂದು ಅವಳ ಗಂಟಲಿನಿಂದ ಹೊರಬಂತು. ಅಕ್ಕ ಅವಳನ್ನು ನಂಬಿ ಕೂತಿದ್ದಾಳೆ. ತಂಗಿಯೋ, ಆ ಕಾಗದ ಬರೆಸಿದವನ ಕಾರಿನಲ್ಲೇ ಕೂತು, ಅವನು ಕೊಟ್ಟ ನೀರನ್ನೇ ಕುಡಿದು ಬಂದಿದ್ದಾಳೆ.

ನೀರು! ಚೀಲದಲ್ಲಿ ತಣ್ಣೀರಿದ್ದರೆ ಅಂಗಡಿಯಲ್ಲಿ ಬಾಟಲಿ ಕೊಂಡದ್ದೇಕೆ?

ಅಮ್ಮನಿಗೆ ಫೋನು ಮಾಡಿದಳು. “ಅಮ್ಮಾ, ಬೇರೆ ಏನೂ ಕೇಳ್ಬೇಡ. ಫ್ರಿಜ್ಜಲ್ಲಿ ಅಕ್ಕನ ಇನ್ಸುಲಿನ್ ಇದೆಯಾ ನೋಡು.”

ಫ್ರಿಜ್ಜಿನ ಬಾಗಿಲು ತೆರೆದ ಸದ್ದು. “ಇಲ್ವಲ್ಲೇ. ಹಾಂ, ಬೆಳಿಗ್ಗೆ ನಿಮ್ಮ ಭಾವ ತಗೊಂಡ. ಕಣ್ಣಿಗೆ ಬಿದ್ರೆ ತಡ್ಕೊಳಕ್ಕಾಗಲ್ಲ ಅತ್ತೆ, ನದಿಗೆ ಹಾಕಿಬರ್ತೀನಿ ಅಂತ ಅತ್ತ, ಪಾಪ. ಯಾಕೆ ಮಗಳೇ?”

“ಏನಿಲ್ಲಮ್ಮ.”

ಔಷಧಿ ಒಯ್ದಿದ್ದಾನೆ. ಸತ್ತವರಿಗೆ ಯಾರೂ ಔಷಧಿ ಒಯ್ಯುವುದಿಲ್ಲ. ಅಕ್ಕ ಬದುಕಿದ್ದಾಳೆ!

“ಒಂದು ವಿಷಯ ಹೇಳ್ಬೇಕು,” ಎಂದ ಕೋಟು. ಕೊನೆಗೂ ಅವನು ಕೋಟಿನ ಗುಂಡಿ ಬಿಚ್ಚಿದ್ದ. “ನಿಮ್ಮ ಭಾವ ನಿನ್ನೆ ಫೋನ್ ಮಾಡಿದ್ರು. ‘ಹೆಂಡತಿಯ ಪಾಲು ಇನ್ನು ನಂದೇ, ಹಕ್ಕು ಬರೆದುಕೊಡ್ತೀನಿ, ಚುಕ್ಕಿ ಸಹೀನೂ ಬೇಕಾಗುತ್ತಾ’ ಅಂದ್ರು. ದುಃಖದಲ್ಲಿ ಏನೋ ಮಾತಾಡ್ತಿದಾರೆ ಅಂದ್ಕೊಂಡೆ.”

“ನೀವೇನಂದ್ರಿ?”

“ಬೇಕೇ ಬೇಕು, ಇಬ್ಬರ ಹೆಸರಲ್ಲೂ ಇದೆಯಲ್ಲ ಅಂದೆ.”

ಹಾಗಾದರೆ ಅಕ್ಕನನ್ನು ಉಳಿಸಿಕೊಂಡಿರುವುದು ಅದಕ್ಕೇ. ತಂಗಿಯನ್ನು ಒಪ್ಪಿಸಲು ಅಕ್ಕನ ಕೈಬರಹ ಇನ್ನೊಮ್ಮೆ ಬೇಕು. ತಂಗಿಯ ಸಹಿ ಬಿದ್ದ ಮೇಲೆ ಅಕ್ಕ ಯಾತಕ್ಕೂ ಬೇಡ.

ಇನ್ಸ್‌ಪೆಕ್ಟರಿಗೆ ಫೋನು ಹಚ್ಚಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಆ ದೋಣಿಗಳ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ‘ಣ. ಭಾವ. ಅಕ್ಕ ಬದುಕಿದಾಳೆ’ ಎಂದು ಸಂದೇಶ ಕಳಿಸಿದಳು.

“ನೀವು ಇಲ್ಲೇ ಇರಿ. ಪೊಲೀಸರು ಬರ್ಲಿ,” ಎಂದ ಕೋಟು.

“ನಾನು ಇಳಿದು ಹೋಗದಿದ್ರೆ ಅವನಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಅಕ್ಕನ ಹತ್ರ ಮತ್ತೆ ಹೋಗಲ್ಲ, ಔಷಧೀನೂ ಹೋಗಲ್ಲ. ಅವಳೆಲ್ಲಿದಾಳೆ ಅಂತ ಅವನೊಬ್ಬನಿಗೇ ಗೊತ್ತಿರೋದು. ನೀವು ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡ್ತಾನೇ ಇರಿ. ದಮ್ಮಯ್ಯ ಅಂತೀನಿ, ನಿಲ್ಲಿಸ್ಬೇಡಿ.”

ಮೆಟ್ಟಿಲಿಳಿಯುತ್ತ ಮುಖ ಒರೆಸಿಕೊಂಡಳು. ಕೋಟುವಿನ ಮೇಲೆ ಸಿಟ್ಟಾದವಳ ಮುಖ ಬೇಕಿತ್ತು. ಹೇಗೋ ತಂದುಕೊಂಡಳು.

ಕಾರು ಬಾಗಿಲ ಮುಂದೆಯೇ ನಿಂತಿತ್ತು. ಹತ್ತಿ ಕೂತಳು. ಹಿಂದಿನ ಸೀಟಿನ ಮೇಲೆ ನೀಲಿ ಚೀಲ ಇರಲಿಲ್ಲ.

“ಸಿಕ್ತಾ?” ಎಂದ ಭಾವ.

“ಎಲ್ಲಿ ಭಾವ. ಒಪ್ಕೊಳ್ಳೋ ಜಾತಿನಾ ಅದು?” ದನಿ ಸರಿಯಾಗಿಯೇ ಬಂತು.

“ಬಿಡಮ್ಮ. ಎಷ್ಟು ಅಂತ ಓಡಾಡ್ತೀಯ.” ಅವನು ಜೇಬಿನಿಂದ ಎರಡು ಮಡಿಕೆಯ ಹಾಳೆಯೊಂದನ್ನು ತೆಗೆದ. “ಬೆಳಿಗ್ಗೆ ಅವಳ ಬೀರು ತಡಕಾಡಿದಾಗ ಸಿಕ್ತು. ನಿನಗೆ ಕೊಡೋಕೆ ಧೈರ್ಯ ಬರ್ಲಿಲ್ಲ. ಹೋಗೋಕೆ ಮುಂಚೆ ನಿನಗೂ ಒಂದು ಮಾತು ಬರೆದಿಟ್ಟಿದಾಳೆ.”

ಚುಕ್ಕಿ ಬಿಡಿಸಿದಳು. ಅದೇ ಬ್ರಷ್ಷು, ಅದೇ ಕೈ. ‘ಚುಕ್ಕೀ, ಭಾವ ತೋರಿಸಿದ ಕಡೆ ಸಹಿ ಹಾಕು. ಇದೇ ನನ್ನ ಕೊನೆಯ ಆಸೆ.’ ಕೊನೆಯ ಅಕ್ಷರದ ಬಾಲವನ್ನು ಅಕ್ಕ ಎಂದೂ ಇಲ್ಲದಂತೆ ಒತ್ತಿ ಒತ್ತಿ ಬರೆದಿದ್ದಳು. ಮಸಿ ಅಲ್ಲಿ ಹನಿಗಟ್ಟಿ ನಿಂತಿತ್ತು.

ಅಕ್ಕನ ಮಸಿ ಮಂದ. ಉಳಿದದ್ದೆಲ್ಲ ಬೇಗ ಒಣಗಿದರೂ ಹೀಗೆ ಹನಿಗಟ್ಟಿದ ಕಡೆ ತಡವಾಗಿ ಒಣಗುತ್ತದೆ. ಮೇಲೆ ಕೆನೆಗಟ್ಟಿರುತ್ತದೆ, ಒತ್ತಿದರೆ ಒಳಗೆ ಹಸಿ. ಚುಕ್ಕಿ ಗೊತ್ತಿಲ್ಲದವಳ ಹಾಗೆ ಅದರ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು.

ಬೆರಳು ಕಪ್ಪಗಾಗಿತ್ತು.

ಬೆಳಿಗ್ಗೆ ಬೀರುವಿನಲ್ಲಿ ಸಿಕ್ತಂತೆ! ಇದನ್ನು ಬರೆದದ್ದು ಈಗ, ತಾನು ಮೇಲೆ ಕೂಗಾಡುತ್ತಿದ್ದಾಗ. ಇವನು ಹೋದದ್ದು ಹಿಂದಿನ ಬೀದಿಗೆ. ಗೋದಾಮು. ಊರೆಲ್ಲ ನದಿಯಲ್ಲಿ ಹುಡುಕುತ್ತಿರುವ ಅಕ್ಕ ಈ ಕಟ್ಟಡದ ಬೆನ್ನಿಗೇ ಇದ್ದಾಳೆ. ಜೋರಾಗಿ ಕರೆದರೆ ಕೇಳಿಸುವಷ್ಟು ದೂರದಲ್ಲಿ.

ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. “ಎಲ್ಲಿ ಸಹಿ ಹಾಕ್ಬೇಕು ಭಾವ?” ಎಂದಳು.

ಕಾರಿನ ನಾಲ್ಕೂ ಬಾಗಿಲು ಒಟ್ಟಿಗೆ ಟಕ್ಕೆಂದು ಬಿಗಿದುಕೊಂಡವು. ಅವನು ಕರವಸ್ತ್ರ ತೆಗೆದು, ಅವಳ ಮಣಿಕಟ್ಟು ಹಿಡಿದು, ಮಡಿಸಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಚಿಕ್ಕ ಮಗುವಿಗೆ ಒರೆಸುವ ಹಾಗೆ, ನಿಧಾನವಾಗಿ, ಹೆಬ್ಬೆರಳಿನ ಮಸಿಯನ್ನು ಒರೆಸಿದ.

“ಒಣಗಿರಬೇಕಿತ್ತು,” ಎಂದ.